ಪೂರ್ವಾಶ್ರಮದ ಸಾಕ್ಷಿ

ಮಠ ಬಿಟ್ಟು ಮತ ಕೇಳಲು ಹೊರಟಿದ್ದ ಸ್ವಾಮೀಜಿಯ ಕಾವಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಕ್ಷೇತ್ರ ಮೀಸಲಿನದು. ನಾಮಪತ್ರದಲ್ಲಿ ತಂದೆಯ ಹೆಸರಿರಬೇಕಾದ ಕಡೆ ಅವರು ಗುರುವಿನ ಹೆಸರು ಬರೆದಿದ್ದರು. ಎದುರು ಪಕ್ಷದ ವಕೀಲ ಅದನ್ನೇ ಹಿಡಿದುಕೊಂಡಿದ್ದ.

“ಹುಟ್ಟಿದ ಜಾತಿಗೆ ಮನೆಯವರ ಸಾಕ್ಷಿ ಕೊಡಿಸಿ. ಮೂರು ಗಂಟೆ ದಾಟಿದರೆ ನಾಮಪತ್ರ ತಿರಸ್ಕಾರ,” ಎಂದರು ಚುನಾವಣಾಧಿಕಾರಿ.

ಉಳಿದಿದ್ದವಳು ತಾಯಿ ಒಬ್ಬಳೇ. ಮೂವತ್ತು ವರ್ಷ ತಾವೇ ಮಠದ ಬಾಗಿಲಿನಿಂದ ವಾಪಸು ಕಳಿಸುತ್ತಿದ್ದ ಆ ಮುದುಕಿಯನ್ನು ಕರೆತರಲು ಸ್ವಾಮೀಜಿ ತಮ್ಮ ಕಾರನ್ನೇ ಕಳಿಸಿದರು. ಮೂರಕ್ಕೆ ಐದು ನಿಮಿಷವಿದ್ದಾಗ ಅವಳು ಬಂದಳು. ಬಂದವಳೇ ಅವರ ಕಾಲಿಗೆ ಅಡ್ಡಬಿದ್ದಳು.

“ಏಳವ್ವ,” ಸ್ವಾಮೀಜಿ ಬಗ್ಗಿ ಅವಳನ್ನು ಎಬ್ಬಿಸಿದರು. “ನಾನು ನಿನ್ನ ಮಗ ಅಂತ ಒಂದೇ ಒಂದು ಮಾತು ಹೇಳವ್ವ. ಇನ್ನು ಮುಂದೆ ನನ್ನ ಜೊತೇಲೇ ಇದ್ದುಬಿಡು.”

ಅಧಿಕಾರಿ ಗಡಿಯಾರ ನೋಡಿದರು. “ಬೇಗ ಹೇಳಜ್ಜಿ. ಇವರು ನಿನ್ನ ಮಗನಾ?”

ಮುದುಕಿ ಮುಗಿದ ಕೈ ಇಳಿಸಲಿಲ್ಲ.

“ಎಲ್ಲಾರ ಉಂಟಾ ಬುದ್ದಿ! ನನ್ ಮಗ ಸನ್ಯಾಸ ತಕ್ಕಂಡ ದಿನ ತನ್ ತಿಥೀನ ತಾನೇ ಮಾಡ್ಕಂಡ. ಕಾಗೆಗೆ ಎಡೆ ಇಟ್ಟೋಳು ನಾನೇಯ.”