ಮಾವನ ವಾಸನೆ

ಹಾಲ್ ದೊಡ್ಡದು ಮಾಡಲೆಂದು ಮಾವನ ಕೋಣೆಯ ನೆಲ ಅಗೆಯುತ್ತಿದ್ದ ಗಾರೆಯವನು ಹಾಸುಗಲ್ಲು ಎತ್ತಿದ್ದೇ ತಡ, ನಾತ ಗಪ್ಪೆಂದು ಎದ್ದಿತು. ಕೆಳಗೆ ಕಪ್ಪು ಕೊಚ್ಚೆ ಗುಳುಗುಳು ಎನ್ನುತ್ತಿತ್ತು.

ಸೊಸೆ ಮೂಗು ಮುಚ್ಚಿಕೊಂಡಳು. ಅದೇ ವಾಸನೆ. ಮುದುಕರ ಮೈಯದ್ದೆಂದು ಮಾವನನ್ನು ದಿನಕ್ಕೆ ಮೂರು ಸಲ ಸ್ನಾನಕ್ಕೆ ಅಟ್ಟಿದ್ದಳು, ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಬಂದಿದ್ದಳು, ಮಕ್ಕಳನ್ನು ಹತ್ತಿರ ಸುಳಿಯಗೊಟ್ಟಿರಲಿಲ್ಲ.

"ಮಹಡೀಲಿರೋ ನಿಮ್ಮ ಟಾಯ್ಲೆಟ್ ಪೈಪು ಒಡೆದಿದೆ, ಅಕ್ಕಾ," ಎಂದ ಗಾರೆಯವನು. "ವರ್ಷಗಳಿಂದ ಎಲ್ಲಾ ಇಲ್ಲೇ ಇಳೀತಿದೆ."

ಮಾವ ಒದ್ದೆ ಟವೆಲ್ ಹೊದ್ದು ಹೊಸ್ತಿಲಾಚೆಯೇ ನಿಂತಿದ್ದರು. ಅಲ್ಲಿಂದಲೇ ಗುಂಡಿಯನ್ನು ನೋಡಿದರು. ಉಜ್ಜಿ ಉಜ್ಜಿ ಸುಲಿದುಹೋಗಿದ್ದ ತೋಳನ್ನು ಮೂಗಿಗೆ ಹಿಡಿದು ಮೂಸಿದರು.

"ಹಾಗಾದ್ರೆ ನಾಳೆಯಿಂದ ಒಂದೇ ಸ್ನಾನ ಸಾಕೇನಮ್ಮಾ?"