ಪುತ್ತಿಗೆಯಲ್ಲಿ ಕುದಿಯುವ ಕಾರು

ಬಾನೆಟ್ ಎತ್ತಿದ್ದೇ ತಡ, ಆವಿ ಬುಸ್ಸೆಂದು ಡ್ರೈವರ್ ಶರೀಫನ ಮುಖಕ್ಕೇ ಹೊಡೆಯಿತು. ಹಿಂದಕ್ಕೆ ಜಿಗಿದವನು ಒದ್ದೆ ಗೋಣಿತುಂಡನ್ನು ಕೈಗೆ ಸುತ್ತಿಕೊಂಡು ನಿಂತ. ಇದು ನಾಲ್ಕನೆಯ ಬುಧವಾರ. ಅದೇ ಪುತ್ತಿಗೆ, ಅದೇ ಏರು, ಅದೇ ಹೆಂಚಿನ ಮನೆಯ ಎದುರು.

“ಮತ್ತೆ ಕುದಿಯಿತಾ?” ಹಿಂದಿನ ಸೀಟಿನಿಂದ ರುಕ್ಮಯ್ಯ ಶೆಟ್ಟರು ಕೇಳಿದರು.

“ಹೌದು ಧನಿಗಳೇ. ಬಂಟ್ವಾಳ ಬಿಡುವಾಗ ನೀರು ತುಂಬಿಸಿಯೇ ಬಂದದ್ದು. ಅಲ್ಲಾನ ಆಣೆ.”

“ಇರಲಿ. ತಣ್ಣಗಾಗಲಿ. ಅವಸರ ಬೇಡ.”

ಊಟ ಐದು ನಿಮಿಷ ತಡವಾದರೆ ಬಟ್ಟಲು ಎಸೆಯುವ ಮನುಷ್ಯ. ಅವರ ಈ ಶಾಂತಿಗೇ ಶರೀಫ್ ಹೆಚ್ಚು ಹೆದರಿದ. ಬೈಯುವ ಧನಿ ಕೆಲಸ ಬಿಡಿಸುವುದಿಲ್ಲ, ಸುಮ್ಮನಿರುವವರು ಬಿಡಿಸುತ್ತಾರೆ.

ಹೆಂಚಿನ ಮನೆಯ ಹೆಂಗಸು ಕೊಡಪಾನದಲ್ಲಿ ನೀರು ತಂದಳು. ಹಿಂದೆಯೇ ಅವಳ ಪುಟ್ಟ ಮಗಳು, ಒಂದು ಚೆಂಬು ಹಿಡಿದು. ಶೆಟ್ಟರು ಆ ಕಡೆ ತಿರುಗಲಿಲ್ಲ. ಡ್ರೈವರ್ ಸೀಟಿನ ಮೇಲಿನ ಕನ್ನಡಿಯನ್ನೇ ದಿಟ್ಟಿಸುತ್ತ ಕುಳಿತಿದ್ದರು.

“ಕೆಮ್ಮು ಕಡಿಮೆ ಉಂಟಾ?” ಹೆಂಗಸು ಮೆಲ್ಲಗೆ ಕೇಳಿದಳು.

“ಯಾರದ್ದು ಅಕ್ಕ, ಇಂಜಿನಿನದ್ದಾ?”

ಅವಳು ಖಾಲಿ ಕೊಡಪಾನ ಎತ್ತಿಕೊಂಡು ಹೊರಟುಹೋದಳು.

ಸಂಜೆ ಬಂಟ್ವಾಳದ ಮನೆಯಂಗಳದಲ್ಲಿ ಶೆಟ್ಟರ ಮಗ ಶೇಖರ ಕಾದು ನಿಂತಿದ್ದ. “ನೀನು ಬರುವ ಮೊದಲು ಈ ಕಾರು ಒಂದು ದಿನ ಕುದಿದದ್ದಿಲ್ಲ. ಒಳ್ಳೆಯ ಸಾಮಾನು ಬಿಚ್ಚಿ ಮಾರಿ ಹಳೆಯದ್ದು ಹಾಕಿದ್ದೀಯಾ? ಬರುವ ಬುಧವಾರವೂ ಕುದಿದರೆ ಗುರುವಾರ ಇಲ್ಲಿಗೆ ಬರಬೇಡ.” ಹಾಗೆಯೇ ತಂದೆಯ ಮೇಲಿನ ಸಿಟ್ಟನ್ನೂ ಅವನ ಮುಂದೆಯೇ ಕಾರಿಕೊಂಡ. “ಅಪ್ಪನಿಗೂ ಬೇರೆ ಜಾಗ ಸಿಗಲಿಲ್ಲ! ಪುತ್ತಿಗೆಯ ಆಚೆ ಅಕ್ಕಿ ಗಿರಣಿ ಕಟ್ಟಿಸ್ತಾರಂತೆ. ಅಲ್ಲಿಗೆ ಭತ್ತ ತರುವವರು ಯಾರು ಮಾರಾಯ?”

ಶರೀಫ್ ಆ ಮನೆಗೆ ಬಂದು ಎರಡೇ ತಿಂಗಳಾಗಿತ್ತು. ಕಳ್ಳನೆಂಬ ಹೆಸರು ಒಮ್ಮೆ ಅಂಟಿತೋ, ಪಾಣೆಮಂಗಳೂರಿನಿಂದ ಬೆಳ್ತಂಗಡಿಯವರೆಗೆ ಯಾರೂ ಅವನಿಗೆ ಸ್ಟೇರಿಂಗ್ ಕೊಡುವುದಿಲ್ಲ.

ಮರುದಿನವೇ ಕಾರನ್ನು ಪಾಣೆಮಂಗಳೂರಿನ ಮೊಯಿದಿನಬ್ಬನ ಗ್ಯಾರೇಜಿಗೆ ಒಯ್ದ. ಮುದುಕ ಮೆಕ್ಯಾನಿಕ್ ಫ್ಯಾನ್ ಬೆಲ್ಟ್ ಎಳೆದು ನೋಡಿದ. ರಬ್ಬರ್ ಪೈಪುಗಳನ್ನು ಹಿಸುಕಿದ. ನೀರಿನ ಪಂಪು ಬಿಚ್ಚಿ ಜೋಡಿಸಿದ. ರೇಡಿಯೇಟರನ್ನು ಕಳಚಿ ತೊಳೆದ. ಎಲ್ಲೂ ಕಿಟ್ಟವಿಲ್ಲ, ಸೋರಿಕೆಯಿಲ್ಲ. ಫರಂಗಿಪೇಟೆಯವರೆಗೆ ಓಡಿಸಿ ಬಂದರೂ ಶಾಖದ ಮುಳ್ಳು ಮೇಲೇಳಲಿಲ್ಲ. ಕೊನೆಗೆ ಕಾರಿನಡಿ ಮಲಗಿ, ರೇಡಿಯೇಟರಿನ ತಳದಲ್ಲಿ ಹಳೆ ನೀರು ಬಿಡುವ ಪುಟ್ಟ ನಲ್ಲಿಯನ್ನು ತೋರಿಸಿದ. ಸುತ್ತಲೂ ಕೆಸರು ಮೆತ್ತಿಕೊಂಡಿತ್ತು. ಹಿಡಿ ಮಾತ್ರ ಹೊಳೆಯುತ್ತಿತ್ತು.

“ಇಂಜಿನ್ ಹುಷಾರುಂಟು ಶರೀಫ್. ನೀರನ್ನು ಯಾರೋ ಬಿಡ್ತಾರೆ. ದಾರಿಯಲ್ಲಿ ಎಲ್ಲಿ ನಿಲ್ಲಿಸ್ತಿ?”

“ಮೂಡುಬಿದಿರೆಯಲ್ಲಿ ಮಾತ್ರ. ಚರಂಡಿಯ ಮೇಲೆ ನೆರಳುಂಟು, ಅಲ್ಲೇ ನಿಲ್ಲಿಸು ಅಂತಾರೆ ಧನಿಗಳು. ಅವರು ವಕೀಲರಲ್ಲಿಗೆ ಹೋಗ್ತಾರೆ, ನಾನು ಪೇಟೆಗೆ, ವೀಳ್ಯದೆಲೆ ತರ್ಲಿಕ್ಕೆ.”

ಮೊಯಿದಿನಬ್ಬ ದನಿ ತಗ್ಗಿಸಿದ. “ಪುತ್ತಿಗೆಯ ಆ ಮನೆ ಯಾರದ್ದು ಗೊತ್ತುಂಟಾ? ಶೆಟ್ಟರ ಮಗಳು ವಿನೋದಾಳದ್ದು.”

ಏಳು ವರ್ಷದ ಹಿಂದೆ ಅವಳು ಬೇರೆ ಜಾತಿಯ ಕಮಲಾಕ್ಷ ಮಾಸ್ತರನನ್ನು ಮದುವೆಯಾಗಿದ್ದಳು. ಶೆಟ್ಟರು ದೈವದ ಮುಂದೆ, ಊರ ಹತ್ತು ಸಮಸ್ತರ ಎದುರು ಆಣೆ ಹಾಕಿದ್ದರು. ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಅದರ ಎದುರು ಕಾರು ನಿಲ್ಲಿಸೆಂದು ತನ್ನ ಬಾಯಿಂದ ಬರುವುದಿಲ್ಲ.

“ಆ ಮಾಸ್ತರಿಗೆ ಶಾಲೆ ಎಲ್ಲಿ?” ಶರೀಫ್ ಕೇಳಿದ.

“ಮೂಡುಬಿದಿರೆಯಲ್ಲೇ.”

ಶರೀಫನಿಗೆ ಲೆಕ್ಕ ಸಿಕ್ಕಿತು. ಹೆಂಡತಿ ಅಪ್ಪನನ್ನು ಕಾಣಲೆಂದು ಗಂಡ ನೀರು ಬಿಡುತ್ತಿದ್ದಾನೆ. ಕೊಡಪಾನ ಹೊತ್ತು ಬರುವ ಹೆಂಗಸಿನ ಮುಖ ನೆನಪಾಯಿತು. ಆದರೆ ಅವರ ಕಣ್ಣೀರು ಒರೆಸಲು ತನ್ನ ಅನ್ನ ಹೋಗಬೇಕೇ? ತಾನು ಕಳ್ಳನಾಗಬೇಕೇ?

“ಕಟ್ಟಿಬಿಡಿ,” ಎಂದ. ಮೊಯಿದಿನಬ್ಬ ನಲ್ಲಿಯ ಹಿಡಿಗೆ ಕಬ್ಬಿಣದ ತಂತಿ ಸುತ್ತಿ, ಇಕ್ಕಳದಿಂದ ಬಿಗಿದ.

ಬುಧವಾರ ಬಂತು. ಮೂಡುಬಿದಿರೆಯಲ್ಲಿ ಕಾರು ಚರಂಡಿಯ ಮೇಲೆ ನಿಂತಿತು. “ಒಳ್ಳೆಯ ಎಲೆ ನೋಡಿ ತಾ, ನಿಧಾನಕ್ಕೆ ಬಂದರೆ ಸಾಕು,” ಎಂದರು ಶೆಟ್ಟರು. ಶರೀಫ್ ತಿರುವು ದಾಟಿದವನೇ ಒಂದು ಗೋಡೆಯ ಮರೆಯಲ್ಲಿ ನಿಂತು ಹಿಂತಿರುಗಿ ನೋಡಿದ. ತಂತಿ ಕಟ್ಟಿದರೆ ಸಾಲದು. ನೀರು ಬಿಡುವವನ ಕೈ ಹಿಡಿದು ಶೇಖರನ ಮುಂದೆ ನಿಲ್ಲಿಸಬೇಕು.

ಶಾಲೆಯ ಗಂಟೆ ಹೊಡೆಯಿತು. ಕೊಡೆ ಹಿಡಿದ, ಬಿಳಿ ಪಂಚೆಯ ಮಾಸ್ತರೊಬ್ಬ ರಸ್ತೆ ದಾಟಿ ಬಂದ. ಕಾರನ್ನು ಕಂಡು ಕಾಲು ನಿಧಾನಿಸಿದ. ಅಷ್ಟರಲ್ಲಿ ಕಾರ್ಕಳದ ಬಸ್ಸೊಂದು ಧೂಳೆಬ್ಬಿಸಿ ಅಡ್ಡ ಬಂತು. ಬಸ್ಸು ಸರಿದಾಗ ರಸ್ತೆಯಲ್ಲಿ ಯಾರೂ ಇಲ್ಲ. ಕಾರಿನ ಮುಂಭಾಗದಲ್ಲಿ ಮಾತ್ರ ಬಿಳಿ ಪಂಚೆಯೊಂದು ಮಂಡಿಯೂರಿ ಬಗ್ಗಿತ್ತು. ಕಬ್ಬಿಣ ತಿಕ್ಕುವ ಸದ್ದು.

ಶರೀಫ್ ಓಡಿದ. ಹೆಗಲಿಗೆ ಕೈಹಾಕಿ, ಬಲವಾಗಿ ಹಿಡಿದು ಹೊರಗೆಳೆದ.

“ಶೇಖರನಿಗೆ ನಾನು ಹೇಳ್ತೇನೆ, ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ,” ಎಂದರು ರುಕ್ಮಯ್ಯ ಶೆಟ್ಟರು, ಗೀರಿದ ಬೆರಳಿನ ರಕ್ತವನ್ನು ಪಂಚೆಗೆ ಒರೆಸುತ್ತ. “ಈ ತಂತಿಯೊಂದು ನನ್ನ ಕೈಯಲ್ಲಿ ಬರುವುದಿಲ್ಲ ಮಾರಾಯ. ಬಿಚ್ಚಿ ಕೊಡು.”