ಹಗ್ಗ ಮುಟ್ಟಿದವನ ಪಾಲು

ಕಡಲ ದಡದ ಊರು ನೋಡಲು ಬಂದವನೊಬ್ಬ ಸುಮ್ಮನೆ ನಿಲ್ಲಲಾರದೆ, ಊರವರೆಲ್ಲ ದಡಕ್ಕೆ ಎಳೆಯುತ್ತಿದ್ದ ಬಲೆಯ ಹಗ್ಗಕ್ಕೆ ತಾನೂ ಕೈಹಾಕಿದ. ಮೀನು ಹಂಚುವಾಗ ಬೇಬಿಯಕ್ಕ ಅವನ ಮುಂದೆಯೂ ಎಂಟು ಬಂಗುಡೆ ಇಟ್ಟಳು.

“ನನಗ್ಯಾಕಮ್ಮ? ನಾನು ಹೊರಗಿನವನು.”

“ಹಗ್ಗ ಮುಟ್ಟಿದ ಮೇಲೆ ನೀವೂ ಊರಿನವರೇ ಮಾರಾಯ್ರೆ. ಪಾಲು ಬೇಡ ಅನ್ಬಾರ್ದು.”

ಅವಳ ಮನೆಯಲ್ಲೇ ಸಾರು ಮಾಡಿಸಿ ಉಂಡು ಹೋದ.

ಮರುವರ್ಷ, ಕಂಪನಿಯೊಂದರ ಬಂದರಿಗೆ ಆ ದಡವನ್ನೇ ಕೊಡುವ ಬಗ್ಗೆ ಸಭೆ. ಅಲ್ಲಿ ಅವನನ್ನು ಕಂಡದ್ದೇ ಬೇಬಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ನಮ್ಮ ಪರ ಮಾತಾಡಬಲ್ಲವನೊಬ್ಬ ಬಂದನಲ್ಲ ಎಂದು ಪಕ್ಕದಲ್ಲೇ ಕೂರಿಸಿಕೊಂಡಳು.

“ಊರಿನವರಲ್ಲಿ ಒಪ್ಪಿಗೆ ಇರುವವರು ಒಬ್ಬರಾದರೂ ಇದ್ದೀರಾ?” ಅಧಿಕಾರಿ ಕೇಳಿದರು.

ಅವನು ಎದ್ದು ನಿಂತ.

“ನಾನಿದ್ದೇನೆ ಸರ್. ಊರಿನವನು ಹೌದೋ ಅಲ್ಲವೋ, ಈ ಅಮ್ಮನನ್ನೇ ಕೇಳಿ.”